ಮನೆಮಂದಿಯೆಲ್ಲ ಸೇರಿ ಮುಚ್ಚಿಟ್ಟ ಮಾತು



ಕಳೆದ ಸಂಚಿಕೆ ಕೈಸೇರಿದ ಮೇಲೆ ನಿಮ್ಮಲ್ಲೇ ಒಬ್ಬಳು ಫೋನ್ ಮಾಡಿ ಪ್ರೀತಿಯಿಂದಲೇ ಜಗಳ ತೆಗೆದಳು. "ಆಂಟಿ, ನೀವು ಬರೆಯೋ ಪುಸ್ತಕಗಳು ಅಮ್ಮನಿಗೆ ಇಷ್ಟ ಆಗುತ್ತೆ, ಅಜ್ಜಿಗೆ ಇನ್ನೂ ಇಷ್ಟ ಆಗುತ್ತೆ. ನಮಗೇನು ಇದೆ ಅದರಲ್ಲಿ?" ಎಂದಳು. ಅವಳ ಆಫೀಸಿನಲ್ಲಿ ಊಟದ ಹೊತ್ತಿಗೆ ಹುಡುಗಿಯರು ದನಿ ತಗ್ಗಿಸಿ ಮಾತಾಡುವ ವಿಷಯವೆಂದರೆ ಒಂದೇ ಅಂತೆ. ಯಾರಿಗೆ ಮಕ್ಕಳಾಗಿಲ್ಲ, ಯಾರು ಯಾವ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ, ಐವಿಎಫ್ ಎಷ್ಟನೆಯ ಸಲ, ಬಾಡಿಗೆ ತಾಯಿ ಸಿಗುವುದು ಹೇಗೆ ಎಂಬುದು. ಇದೇ ವಸ್ತುವನ್ನಿಟ್ಟುಕೊಂಡ ಇಂಗ್ಲಿಷ್ ಕಾದಂಬರಿಗಳು ಏರ್‌ಪೋರ್ಟಿನ ಅಂಗಡಿಗಳಲ್ಲಿ ಸಾಲು ಸಾಲಾಗಿ ಇವೆ. ಗಂಡ, ಹೆಂಡತಿ, ಅವರ ಮಗುವನ್ನು ಹೊರುವ ಇನ್ನೊಬ್ಬಳು, ಕೊನೆಯ ಅಧ್ಯಾಯದಲ್ಲಿ ಬಯಲಾಗುವ ಒಂದು ಗುಟ್ಟು. "ನಮ್ಮ ಕಡೆ ಇಂಥದ್ದು ಯಾರೂ ಬರೆದಿಲ್ವಾ ಆಂಟಿ?"

ಬರೆದಿದ್ದಾರಮ್ಮ. ನಾವಿರುವ ಈ ತಮಿಳುನಾಡಿನಲ್ಲೇ ಬರೆದಿದ್ದಾರೆ, ನಮ್ಮ ಕನ್ನಡದಲ್ಲಿ ಅದಕ್ಕೂ ಬಹಳ ಹಿಂದೆಯೇ ಬರೆದಿದ್ದಾರೆ. ಅದರಲ್ಲಿ ಕ್ಲಿನಿಕ್ಕು, ಇಂಜೆಕ್ಷನ್ನು ಇಲ್ಲ ಅಷ್ಟೇ. ಉಳಿದದ್ದೆಲ್ಲ ಇದೆ.

ತಮಿಳಿನದು ಪೆರುಮಾಳ್ ಮುರುಗನ್ ಅವರ 'ಮಾದೊರುಭಾಗನ್'. 2010ರಲ್ಲಿ ಬಂದ ಕಾದಂಬರಿ. ಅನಿರುದ್ಧನ್ ವಾಸುದೇವನ್ ಮಾಡಿದ ಇಂಗ್ಲಿಷ್ ಅನುವಾದ 'ಒನ್ ಪಾರ್ಟ್ ವುಮನ್' 2013ರಲ್ಲಿ ಬಂತು. ನನ್ನ ತಮಿಳು ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಹಲಗೆ ನೋಡಿ ಕಲಿತ ತಮಿಳು. ಹಾಗಾಗಿ ಮೊದಲು ಇಂಗ್ಲಿಷಿನಲ್ಲೇ ಓದಿ, ಆಮೇಲೆ ಪಕ್ಕದ ಮನೆಯ ಮಾಮಿಯ ಸಹಾಯದಿಂದ ಮೂಲದ ಕೆಲವು ಅಧ್ಯಾಯಗಳನ್ನು ತಡವರಿಸುತ್ತಾ ಓದಿದೆ. ನಿಮಗೆ ಆ ಕಷ್ಟವಿಲ್ಲ. ಇಲ್ಲೇ ಹುಟ್ಟಿ ಬೆಳೆದವರು, ಶಾಲೆಯಲ್ಲಿ ತಮಿಳು ಕಲಿತವರು ನಿಮ್ಮಲ್ಲಿ ಅನೇಕರಿದ್ದೀರಿ.

ಬೆಂಗಳೂರಿನಿಂದ ಕೊಯಮತ್ತೂರಿನ ಕಡೆಗೆ ರೈಲಿನಲ್ಲಿ ಹೋದವರು ಈರೋಡ್ ಸ್ಟೇಷನ್ ನೋಡಿರುತ್ತೀರಿ. ಅದಕ್ಕೆ ಹತ್ತಿರದ ಊರು ತಿರುಚ್ಚೆಂಗೋಡು. ಅಲ್ಲಿ ಬೆಟ್ಟದ ಮೇಲೆ ಅರ್ಧನಾರೀಶ್ವರನ ದೇವಸ್ಥಾನವಿದೆ. 'ಮಾದೊರುಭಾಗನ್' ಎಂದರೆ ಹೆಣ್ಣನ್ನು ತನ್ನ ಒಂದು ಭಾಗವಾಗಿ ಇಟ್ಟುಕೊಂಡವನು, ಅಂದರೆ ಆ ಶಿವನೇ. ಕಥೆ ನಡೆಯುವುದು ಸ್ವಾತಂತ್ರ್ಯಕ್ಕೆ ಮುಂಚಿನ ಕಾಲದಲ್ಲಿ, ಆ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ. ಕಾಳಿ ಮತ್ತು ಪೊನ್ನ ಎಂಬ ಒಕ್ಕಲು ದಂಪತಿ. ಮದುವೆಯಾಗಿ ಹನ್ನೆರಡು ವರ್ಷವಾಗಿದೆ. ಒಬ್ಬರನ್ನು ಬಿಟ್ಟು ಒಬ್ಬರು ಇರಲಾರರು. ಆದರೆ ಮಕ್ಕಳಿಲ್ಲ.

ಪೊನ್ನಳ ತವರಿನ ಅಂಗಳದಲ್ಲಿ ಒಂದು ಹೂವರಸಿ ಮರವಿದೆ, ಮದುವೆಯಾದ ಹೊಸದರಲ್ಲಿ ಕಾಳಿ ತಾನೇ ತಂದು ನೆಟ್ಟದ್ದು. ಕಾದಂಬರಿ ಶುರುವಾಗುವಾಗ ಆ ಮರ ಅಂಗಳದ ತುಂಬ ನೆರಳು ಚೆಲ್ಲಿ ನಿಂತಿರುತ್ತದೆ. ಕಾಳಿ ಅದರ ಕೆಳಗೆ ಮಲಗಿ ಕೊಂಬೆಗಳನ್ನು ನೋಡುತ್ತಾನೆ. ಅಷ್ಟೇ. ಮರ ಬೆಳೆಯಿತು, ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಲೇಖಕರಿಗೆ ಬೀಳುವುದಿಲ್ಲ.

ಈ ಹನ್ನೆರಡು ವರ್ಷಗಳಲ್ಲಿ ಅವರು ಮಾಡದ ಪೂಜೆಯಿಲ್ಲ, ಕುಡಿಯದ ಕಷಾಯವಿಲ್ಲ. ಬೆಟ್ಟದ ತುದಿಯಲ್ಲಿ ಪ್ರಪಾತದ ಅಂಚಿಗೆ ಒಂದು ಬಂಡೆ. ಮಕ್ಕಳಿಲ್ಲದವಳು ಜೀವ ಕೈಯಲ್ಲಿ ಹಿಡಿದು ಅದನ್ನು ಸುತ್ತಬೇಕು. ಪೊನ್ನ ಸುತ್ತುತ್ತಾಳೆ. ಊರವರ ನಾಲಿಗೆಯಂತೂ ನಿಮಗೆ ಹೇಳಬೇಕಾಗಿಲ್ಲ. ಶುಭಕಾರ್ಯದಲ್ಲಿ ಅವಳನ್ನು ಹಿಂದೆ ನಿಲ್ಲಿಸುತ್ತಾರೆ, ಅವಳ ಹೊಲಕ್ಕೆ ಮುಂದೆ ವಾರಸುದಾರ ಯಾರು ಎಂದು ದಾಯಾದಿಗಳು ಲೆಕ್ಕ ಹಾಕುತ್ತಾರೆ. ಕಾಳಿಯನ್ನೂ ಬಿಡುವುದಿಲ್ಲ. ಗಂಡಸಾ ನೀನು ಎಂಬಂತೆ ಅವನ ಮುಂದೆಯೇ ನಗುತ್ತಾರೆ. ಇನ್ನೊಂದು ಮದುವೆ ಮಾಡಿಕೊ ಎನ್ನುವವರಿಗೆ ಅವನು ಒಪ್ಪುವುದಿಲ್ಲ. ಅವನ ಚಿಕ್ಕಪ್ಪ ನಲ್ಲುಪೈಯನ್ ಎಂಬ ಮದುವೆಯಾಗದ ಫಟಿಂಗನೊಬ್ಬನಿದ್ದಾನೆ. ಮಕ್ಕಳಿಲ್ಲದಿದ್ದರೆ ಏನಂತೆ, ಹಾಯಾಗಿರಿ ಎನ್ನುವವನು ಇಡೀ ಪುಸ್ತಕದಲ್ಲಿ ಅವನೊಬ್ಬನೇ. ನನಗೆ ಬಹಳ ಇಷ್ಟವಾದ ಪಾತ್ರ. ನಮ್ಮ ಮನೆತನಗಳಲ್ಲೂ ಅಂಥವರೊಬ್ಬರು ಇರುತ್ತಾರೆ, ಅವರ ಮಾತು ಮಾತ್ರ ಯಾರೂ ಕೇಳುವುದಿಲ್ಲ.

ಇನ್ನು ಕಥೆಯ ತಿರುಳು. ವೈಶಾಖ ಮಾಸದ ರಥೋತ್ಸವದಲ್ಲಿ, ದೇವರು ಬೆಟ್ಟಕ್ಕೆ ಮರಳುವ ಹದಿನಾಲ್ಕನೆಯ ದಿನದ ರಾತ್ರಿ, ಮಕ್ಕಳಿಲ್ಲದ ಹೆಂಗಸು ಜಾತ್ರೆಯ ಜನರ ನಡುವೆ ಗುರುತಿಲ್ಲದ ಗಂಡಸೊಬ್ಬನನ್ನು ಒಪ್ಪಿ ಕೂಡಬಹುದು. ಆ ರಾತ್ರಿ ಅಲ್ಲಿರುವ ಗಂಡಸರೆಲ್ಲ ದೇವರು. ಹುಟ್ಟಿದ ಮಗು ದೇವರು ಕೊಟ್ಟ ಮಗು. ಕಾದಂಬರಿಯೊಳಗೆ ಇದು ಎಲ್ಲರಿಗೂ ಗೊತ್ತಿರುವ, ಯಾರೂ ಹಗಲಲ್ಲಿ ಆಡದ ಪದ್ಧತಿ. ನೀವು ಬಾಡಿಗೆ ತಾಯಿ ಎನ್ನುತ್ತೀರಲ್ಲ, ಇದು ಬಾಡಿಗೆಯೂ ಇಲ್ಲದ, ಹೆಸರೂ ಇಲ್ಲದ ತಂದೆ. ಮಹಾಭಾರತದ ನಿಯೋಗ ಗೊತ್ತಿದ್ದವರಿಗೆ ಇದು ತೀರ ಹೊಸದೆನಿಸುವುದಿಲ್ಲ. ಅಲ್ಲೂ ವಂಶ ಮುಂದುವರಿಯಬೇಕೆಂದು ತೀರ್ಮಾನಿಸಿದ್ದು ಅತ್ತೆ ಸತ್ಯವತಿ. ಕಣ್ಣು ಮುಚ್ಚಿಕೊಂಡು ಸಹಿಸಿದವಳು ಸೊಸೆ ಅಂಬಿಕೆ. ಎರಡನೆಯ ಸಲ ಅವಳು ತನ್ನ ಬದಲು ದಾಸಿಯನ್ನೇ ಕಳಿಸಿಬಿಟ್ಟಳು ಎಂಬುದನ್ನು ಕಥೆ ಹೇಳುವ ಅಜ್ಜಿಯರು ನಗುತ್ತಾ ಹೇಳುತ್ತಿದ್ದರು. ನನಗೆ ಚಿಕ್ಕಂದಿನಿಂದಲೂ ಅದು ನಗುವ ಜಾಗವೆನಿಸಿಲ್ಲ. ದೇವಕಿಯ ಗರ್ಭ ರೋಹಿಣಿಗೆ ಹೋದದ್ದನ್ನು ತೋರಿಸಿ ಬಾಡಿಗೆ ತಾಯ್ತನ ನಮ್ಮಲ್ಲಿ ಆಗಲೇ ಇತ್ತು ಎಂದು ಎದೆಯುಬ್ಬಿಸುವವರೂ ಇದ್ದಾರೆ. ಇರಲಿ ಬಿಡಿ.

ಹದಿನಾಲ್ಕನೆಯ ರಾತ್ರಿಗೆ ಪೊನ್ನಳನ್ನು ಕಳಿಸು ಎಂದು ಕಾಳಿಗೆ ಮೊದಲು ಹೇಳುವವಳು ಅವನ ತಾಯಿ ಸೀರಾಯಿ. ಗಂಡನಿಲ್ಲದೆ ಒಬ್ಬಳೇ ಮಗನನ್ನು ಸಾಕಿದ ಗಟ್ಟಿಗಿತ್ತಿ. ಅವಳೂ ಪೊನ್ನಳ ತಾಯಿ ವಲ್ಲಾಯಿಯೂ ಕೂಡಿ ಮಾತಾಡಿಕೊಂಡೇ ಈ ಮಾತು ಬಂದಿರುತ್ತದೆ. ಕೇಳಿ ಕಾಳಿ ಕುಸಿಯುತ್ತಾನೆ. ಅದಕ್ಕೆ ಒಂದು ಕಾರಣವಿದೆ: ಮದುವೆಗೆ ಮುಂಚೆ, ಹುಡುಗತನದಲ್ಲಿ, ಅವನೂ ಅವನ ಗೆಳೆಯ ಮುತ್ತುವೂ ಅದೇ ಜಾತ್ರೆಯ ಅದೇ ರಾತ್ರಿಗೆ ಹೋಗಿ ಬಂದವರು. ಆಗ ಅವನೇ ದೇವರು! ಯಾರದೋ ಹೆಂಡತಿಗೆ ದೇವರಾಗಿದ್ದವನಿಗೆ ತನ್ನ ಹೆಂಡತಿಯ ಪಾಲಿಗೆ ಇನ್ನೊಬ್ಬ ದೇವರಾಗುವುದನ್ನು ಯೋಚಿಸಲೂ ಆಗುವುದಿಲ್ಲ. ಮುರುಗನ್ ಇದನ್ನು ಅವನ ಮುಖಕ್ಕೆ ಹಿಡಿದು ಹೀಯಾಳಿಸುವುದಿಲ್ಲ. ಅವನ ಸಂಕಟ ನಿಜವಾದದ್ದು, ಅದರೊಳಗಿನ ಇಬ್ಬಗೆಯೂ ನಿಜವಾದದ್ದು. ಎರಡನ್ನೂ ನಮ್ಮ ಮುಂದಿಟ್ಟು ಸುಮ್ಮನಾಗುತ್ತಾರೆ.

ಮೊದಲು ಕಾಳಿ ಈ ಮಾತನ್ನು ಹೆಂಡತಿಯಿಂದ ಮುಚ್ಚಿಡುತ್ತಾನೆ. ಆಮೇಲೆ ಒಂದು ದಿನ ಕೇಳಿಬಿಡುತ್ತಾನೆ: ಹೋಗುತ್ತೀಯಾ? ಪೊನ್ನ ಹೇಳುವುದು ಇಷ್ಟು: ನೀನು ಹೋಗು ಎಂದರೆ ಹೋಗುತ್ತೇನೆ.

ಇಡೀ ಕಾದಂಬರಿ ನಿಂತಿರುವುದು ಈ ಉತ್ತರದ ಮೇಲೆ. ಅವನಿಗೆ ಬೇಕಾಗಿದ್ದದ್ದು 'ಛೀ, ಇಂಥ ಮಾತು ಆಡಬೇಡ' ಎಂಬ ಉತ್ತರ. ಅವಳು ಕೊಟ್ಟದ್ದು, ತನ್ನ ಲೆಕ್ಕದಲ್ಲಿ, ಎಲ್ಲಕ್ಕಿಂತ ದೊಡ್ಡ ಪ್ರೀತಿಯ ಉತ್ತರ. ನಿನಗಾಗಿ ಅದನ್ನೂ ಮಾಡಿಯೇನು ಎಂಬುದು ಅದರ ಅರ್ಥ. ಅವನ ಕಿವಿಗೆ ಅದು 'ಇವಳು ತಯಾರಾಗಿಯೇ ಇದ್ದಾಳೆ' ಎಂದು ಕೇಳಿಸುತ್ತದೆ. ಅವನು ಮುಖ ತಿರುಗಿಸುತ್ತಾನೆ. ಏಕೆ ತಿರುಗಿಸಿದ ಎಂದು ಅವಳಿಗೆ ತಿಳಿಯುವುದಿಲ್ಲ. ಒಂದೇ ಹಾಸಿಗೆಯಲ್ಲಿ ಹನ್ನೆರಡು ವರ್ಷ ಕಳೆದವರ ನಡುವೆ ಒಂದೇ ವಾಕ್ಯಕ್ಕೆ ಎರಡು ಅರ್ಥ. ಅದನ್ನು ಅವರಿಬ್ಬರೂ ಕುಳಿತು ಬಿಡಿಸಿಕೊಂಡಿದ್ದರೆ ಮುಂದಿನ ಅನರ್ಥ ಆಗುತ್ತಿರಲಿಲ್ಲ. ಬಿಡಿಸಿಕೊಳ್ಳುವುದಿಲ್ಲ.

ಅವರು ಬಿಟ್ಟ ಆ ಜಾಗದಲ್ಲಿ ಮನೆಯವರು ಕೈಹಾಕುತ್ತಾರೆ. ಪೊನ್ನಳ ಅಣ್ಣ ಬೇರೆ ಯಾರೂ ಅಲ್ಲ, ಅದೇ ಮುತ್ತು, ಕಾಳಿಯ ಬಾಲ್ಯದ ಗೆಳೆಯ. ಕಾಳಿ ಒಪ್ಪಿದ್ದಾನೆ ಎಂದು ಅವನು ತಂಗಿಗೆ ಸುಳ್ಳು ಹೇಳುತ್ತಾನೆ. ಆ ರಾತ್ರಿ ಕಾಳಿಯನ್ನು ತೆಂಗಿನ ತೋಪಿಗೆ ಕರೆದೊಯ್ದು ಕುಡಿಸುತ್ತಾನೆ. ಇತ್ತ ಅಪ್ಪ, ಅಮ್ಮ ಎಲ್ಲರೂ ಪೊನ್ನಳನ್ನು ಎತ್ತಿನಗಾಡಿಯಲ್ಲಿ ಕೂರಿಸಿಕೊಂಡು ಜಾತ್ರೆಗೆ ಹೊರಡುತ್ತಾರೆ. ಗಂಡನಿಗೆ ಇಷ್ಟವಿದೆ ಎಂದು ನಂಬಿಯೇ ಅವಳು ಗಾಡಿ ಹತ್ತುತ್ತಾಳೆ. ಜಾತ್ರೆಯ ಆ ಅಧ್ಯಾಯಗಳನ್ನು ನಾನು ಇಲ್ಲಿ ಹೇಳಿ ಕೆಡಿಸುವುದಿಲ್ಲ. ಅಲ್ಲಿ ಅವಳು ಮೊದಲ ಬಾರಿಗೆ ಯಾರ ಕಣ್ಗಾವಲೂ ಇಲ್ಲದೆ ಜನರ ನಡುವೆ ಒಬ್ಬಳೇ ನಡೆಯುತ್ತಾಳೆ, ಬೇಡವೆನಿಸಿದವರನ್ನು ತಾನೇ ದೂರ ಸರಿಸುತ್ತಾಳೆ ಎಂದಷ್ಟೇ ಹೇಳುತ್ತೇನೆ. ಬೆಳಗಿನ ಜಾವ ಕಾಳಿ ತೋಪಿನಿಂದ ಎದ್ದು ಬಂದು ನೋಡಿದರೆ ಮನೆಗೆ ಬೀಗ, ಗಾಡಿ ಇಲ್ಲ. ಅವನಿಗೆ ಎಲ್ಲ ಹೊಳೆಯುತ್ತದೆ. ಎಲ್ಲರೂ ಸೇರಿ ಮೋಸ ಮಾಡಿದರು, ಅವಳೂ ಮಾಡಿದಳು ಎಂದು ಅದೇ ಹೂವರಸಿಯ ಕೆಳಗೆ ಕುಸಿದು ಕೂರುತ್ತಾನೆ.

ಆದರೆ ಅವಳು ಮೋಸ ಮಾಡಿರಲಿಲ್ಲ. ಅದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಇದರಲ್ಲಿ ಕೆಟ್ಟವರೆಂದು ಯಾರ ಮೇಲೂ ಬೆರಳು ಮಾಡಲಾಗದು. ಮುತ್ತು ತಂಗಿಯ ಸುಖಕ್ಕಾಗಿ ಮಾಡಿದ. ಸೀರಾಯಿ ಮಗನ ವಂಶಕ್ಕಾಗಿ ಮಾಡಿದಳು. ವಲ್ಲಾಯಿ ಮಗಳ ಮೇಲೆ ಸವತಿ ಬರಬಾರದೆಂದು ಮಾಡಿದಳು. ಒಬ್ಬೊಬ್ಬರ ಕೈಯಲ್ಲೂ ಪ್ರೀತಿಯೇ ಇತ್ತು. ನಮ್ಮ ಕುಟುಂಬಗಳಲ್ಲಿ ದೊಡ್ಡ ಸುಳ್ಳುಗಳು ಹುಟ್ಟುವುದು ಹೀಗೆಯೇ ಅಲ್ಲವೇ? ದ್ವೇಷದಿಂದ ಹೇಳಿದ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. 'ಅವರಿಗೇಕೆ ನೋವು, ಗೊತ್ತಾಗದಿದ್ದರೆ ಒಳ್ಳೆಯದು' ಎಂದು ಮನೆಮಂದಿಯೆಲ್ಲ ಒಟ್ಟಾಗಿ ಹೊಂದಿಸಿದ ಸುಳ್ಳಿಗೆ ಕಾವಲು ಕಾಯಲು ಹತ್ತು ಜನ ಇರುತ್ತಾರೆ. ಬಿ.ಎ.ನಲ್ಲಿ ನಮಗೆ ಥಾಮಸ್ ಹಾರ್ಡಿಯ 'ಟೆಸ್' ಪಾಠವಿತ್ತು. ಮದುವೆಗೆ ಮುಂಚೆ ಟೆಸ್ ತನ್ನ ಕಥೆಯನ್ನೆಲ್ಲ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದ ಕಾಗದ ಚಾಪೆಯ ಕೆಳಗೆ ಸೇರಿಬಿಡುತ್ತದೆ, ಗಂಡಾಗುವವನ ಕೈಗೆ ಸಿಗುವುದಿಲ್ಲ. ಇಡೀ ಕ್ಲಾಸು ಅಯ್ಯೋ ಎಂದಿತ್ತು. ಅಲ್ಲಿ ಆದದ್ದು ದುರದೃಷ್ಟ. ಪೊನ್ನ-ಕಾಳಿಯರ ಕಾಗದವನ್ನು ಚಾಪೆಯ ಕೆಳಗೆ ಬೇಕೆಂದೇ ತಳ್ಳಿದವರು ಅವರ ತಾಯಂದಿರು.

ಈ ಕಾದಂಬರಿಗೆ ಆದ ಗತಿಯೂ ನಿಮಗೆ ತಿಳಿದಿರಬೇಕು. ಬಂದು ನಾಲ್ಕು ವರ್ಷ ಯಾರೂ ತಕರಾರು ಮಾಡಿರಲಿಲ್ಲ. 2014ರ ಡಿಸೆಂಬರಿನಲ್ಲಿ ನಮ್ಮ ಊರಿಗೆ, ನಮ್ಮ ಹೆಂಗಸರಿಗೆ ಅವಮಾನ ಎಂದು ತಿರುಚ್ಚೆಂಗೋಡಿನಲ್ಲಿ ಪುಸ್ತಕದ ಪ್ರತಿ ಸುಟ್ಟರು, ಮುಂದಿನ ತಿಂಗಳು ಬಂದ್ ನಡೆಸಿದರು. 2015ರ ಜನವರಿಯಲ್ಲಿ ನಾಮಕ್ಕಲ್‌ನಲ್ಲಿ ಅಧಿಕಾರಿಗಳು ಶಾಂತಿಸಭೆ ಕರೆದು ಲೇಖಕರಿಂದ ಕ್ಷಮಾಪಣೆ ಬರೆಸಿಕೊಂಡರು. ಅದಾದ ಮೇಲೆ ಅವರು ಫೇಸ್‌ಬುಕ್ಕಿನಲ್ಲಿ ಲೇಖಕ ಪೆರುಮಾಳ್ ಮುರುಗನ್ ಸತ್ತಿದ್ದಾನೆ ಎಂದು ಪ್ರಕಟಿಸಿದರು. ಸರ್ಕಾರಿ ಕಾಲೇಜಿನಲ್ಲಿ ತಮಿಳು ಪಾಠ ಹೇಳುತ್ತಿದ್ದ ಮೃದು ಸ್ವಭಾವದ ಮೇಷ್ಟ್ರು ಅವರು. 2016ರ ಜುಲೈ 5ರಂದು ಮದರಾಸು ಹೈಕೋರ್ಟು ಆ ಒಪ್ಪಂದಕ್ಕೆ ಬೆಲೆಯಿಲ್ಲವೆಂದು ಹೇಳಿ, ಪುಸ್ತಕ ಇಷ್ಟವಾಗದಿದ್ದರೆ ಓದಬೇಡಿ, ಬಲವಂತವೇನಿಲ್ಲ ಎಂಬರ್ಥದ ತೀರ್ಪು ಕೊಟ್ಟಿತು. ಲೇಖಕರು ಮತ್ತೆ ಬರೆಯಲಿ ಎಂದೂ ಹೇಳಿತು. ಅವರು ಬರೆದರು. ಗಲಾಟೆ ಮಾಡಿದವರು ಜಾತ್ರೆಯ ಒಂದು ರಾತ್ರಿಯನ್ನು ಹಿಡಿದುಕೊಂಡು ಜಗ್ಗಾಡಿದರು. ಆ ಗಂಡಹೆಂಡಿರ ಹನ್ನೆರಡು ವರ್ಷಗಳನ್ನು ಓದಲಿಲ್ಲವೇನೋ ಎಂದು ನನಗನಿಸುತ್ತದೆ.

ಈಗ ನಮ್ಮ ಕನ್ನಡದ್ದು. ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' 1965ರದು. 1972ರಲ್ಲಿ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಸೇರಿ ಅದನ್ನು ಸಿನಿಮಾ ಮಾಡಿದರು. ನಿಮ್ಮ ಮನೆಯ ಅಟ್ಟದ ಮೇಲೆ, ಅಜ್ಜಿಯ ಟ್ರಂಕಿನಲ್ಲಿ ಹುಡುಕಿದರೆ ಒಂದು ಪ್ರತಿ ಸಿಕ್ಕರೂ ಸಿಕ್ಕೀತು. ಸಾಮಾನ್ಯವಾಗಿ ಇದನ್ನು ವಿಧವಾವಿವಾಹದ ಕಾದಂಬರಿ ಎನ್ನುತ್ತಾರೆ. ಗಂಡ ಕಪಿಲಾ ನದಿಯಲ್ಲಿ ಮುಳುಗಿ ಹೋದ ಮೇಲೆ ಕಾತ್ಯಾಯನಿ ಮಗುವನ್ನು ಮಾವನ ಮನೆಯಲ್ಲೇ ಬಿಟ್ಟು ರಾಜನನ್ನು ಮದುವೆಯಾಗುತ್ತಾಳೆ. ಆ ಮದುವೆಯಲ್ಲಿ ಅವಳಿಗೆ ಮತ್ತೆ ಮತ್ತೆ ಗರ್ಭಪಾತ. ಪ್ರೀತಿಸಿ ಕಟ್ಟಿಕೊಂಡ ಸಂಸಾರ ಅದರಡಿಯಲ್ಲಿ ನಿಧಾನವಾಗಿ ನಲುಗುವುದನ್ನು ಭೈರಪ್ಪನವರು ಬರೆದಿರುವ ರೀತಿಯನ್ನು ಇವತ್ತಿನ ಹುಡುಗಿಯರು ಓದಬೇಕು. ಬಿಟ್ಟು ಬಂದ ಮಗುವಿನ ನೆನಪು, ಅದಕ್ಕಾಗಿ ತನಗಿದು ಶಿಕ್ಷೆ ಎಂಬ ಒಳಗಿನ ಕೊರಗು ಇವೆಲ್ಲ ಕೂಡಿ ಅವಳನ್ನು ತಿನ್ನುತ್ತವೆ.

ಆದರೆ ನಾನು ಹೇಳಹೊರಟದ್ದು ಆ ಮನೆಯ ಇನ್ನೊಂದು ಗುಟ್ಟು. ಕಾತ್ಯಾಯನಿಯ ಮಾವ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ವಂಶ, ಗೋತ್ರ, ಕುಲಧರ್ಮಗಳನ್ನು ಉಸಿರಾಡಿ ಬದುಕಿದವರು. ಮುಪ್ಪಿನಲ್ಲಿ ಹಳೆಯ ಕಾಗದಪತ್ರವೊಂದು ಕೈಗೆ ಸಿಕ್ಕಿ, ತಾವು ತಮ್ಮ ತಂದೆಗೆ ಹುಟ್ಟಿದವರೇ ಅಲ್ಲ ಎಂದು ತಿಳಿಯುತ್ತದೆ. ತಂದೆಗೆ ಮಕ್ಕಳಾಗುವಂತಿರಲಿಲ್ಲ. ಆಸ್ತಿ ತಮ್ಮನ ಪಾಲಾಗಬಾರದೆಂದು, ಹೆಂಡತಿ ಪರಪುರುಷನಿಂದ ಮಗು ಪಡೆಯುವಂತೆ ಅವರೇ ಮಾಡಿದ್ದರು. ಯಾವ ವಂಶವೃಕ್ಷಕ್ಕೆ ಶ್ರೋತ್ರಿಗಳು ಆಯುಷ್ಯವೆಲ್ಲ ನೀರೆರೆದರೋ ಅದರ ಬೇರು ಅವರದಲ್ಲ. ಅವರು ಆಸ್ತಿಯನ್ನು ತೊರೆದು ಸಂನ್ಯಾಸಕ್ಕೆ ಹೊರಡುತ್ತಾರೆ. ಇದನ್ನೆಲ್ಲ ಮೊದಲ ಸಲ ಓದಿದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಶ್ರೋತ್ರಿಗಳಿಗಾಗಿ ಅತ್ತದ್ದು ನೆನಪಿದೆ. ಐವತ್ತು ದಾಟಿದ ಮೇಲೆ ಮತ್ತೆ ಓದಿದಾಗ ನನ್ನನ್ನು ಕಾಡಿದವಳು ಅವರ ತಾಯಿ. ಗಂಡನ ಮಾತಿಗೆ ಕಟ್ಟುಬಿದ್ದು ಆ ಕೋಣೆಗೆ ಹೋದವಳು, ಬಳಿಕ ಅದೇ ಗಂಡನ ಪಕ್ಕದಲ್ಲಿ ಕುಳಿತು ಆ ಮಗುವಿನ ನಾಮಕರಣ, ಉಪನಯನಗಳನ್ನು ಮಾಡಿಸಿದ್ದಾಳು. ಪೊನ್ನ ಗಾಡಿಯಲ್ಲಿ ಹೋಗಿದ್ದರೆ ಈಕೆ ಮನೆಯೊಳಗಿನಿಂದಲೇ ಹೋದಳು, ಅಷ್ಟೇ ವ್ಯತ್ಯಾಸ.

ಇವೆಲ್ಲ ಹಳೆಯ ಕಾಲದವು, ಈಗ ಹಾಗಿಲ್ಲ ಎಂದು ನೀವು ಹೇಳಬಹುದು. ಹಾಗಾದರೆ ಕೇಳಿ. ನಮ್ಮ ದೂರದ ಬಳಗದಲ್ಲೇ ಒಂದು ಜೋಡಿ. ಹೆಸರು, ಊರು ಬೇಡ. ಇಬ್ಬರೂ ಓದಿದವರು, ಒಳ್ಳೆಯ ಕೆಲಸ. ಐದಾರು ವರ್ಷ ಮಕ್ಕಳಾಗಲಿಲ್ಲ. ಅತ್ತೆ ಸೊಸೆಯನ್ನು ನಾಗಪ್ರತಿಷ್ಠೆಗೂ ಅಶ್ವತ್ಥ ಪ್ರದಕ್ಷಿಣೆಗೂ ಕರೆದುಕೊಂಡು ಹೋದರು. ಬಳಗದ ಸೀಮಂತಗಳಲ್ಲಿ ಅವಳು ಅಡುಗೆಮನೆಯಲ್ಲೇ ಉಳಿದುಕೊಳ್ಳುವುದನ್ನು ರೂಢಿ ಮಾಡಿಕೊಂಡಳು. ಹೊಟ್ಟೆಗೆ ಸಣ್ಣ ತೂತು ಮಾಡಿ ನೋಡುವ ಪರೀಕ್ಷೆಯೂ ಆಯಿತು. ಅಷ್ಟೆಲ್ಲ ಆದರೂ ಕಾರಣವಿದ್ದದ್ದು ಅವನಲ್ಲಿ, ಮೂರನೆಯ ವರ್ಷವೇ ರಿಪೋರ್ಟು ಬಂದಿತ್ತು. ಅಮ್ಮನಿಗೆ ಹೇಳಬೇಡ, ತಡೆದುಕೊಳ್ಳಲಾರಳು ಎಂದು ಅವನು ಕೈಹಿಡಿದು ಕೇಳಿಕೊಂಡಿದ್ದನಂತೆ. ಇವಳು ಒಪ್ಪಿಕೊಂಡಳು. ಎಲ್ಲರ ಮುಂದೆ 'ನನ್ನಲ್ಲೇ ಏನೋ ತೊಂದರೆ' ಎಂದು ಹೇಳಿಕೊಂಡು ತಿರುಗಿದಳು. ಗಂಡನ ಮರ್ಯಾದೆ ಉಳಿಸಿದಳು ಎನ್ನೋಣವೇ? ಅವಳೇ ನನಗೆ ಒಂದು ಸಲ ಹೇಳಿದಳು: "ಅತ್ತೆ ಬೈದದ್ದು ಬೇಜಾರಾಗಲಿಲ್ಲ ಚಿಕ್ಕಮ್ಮ. ಅವರು ಬೈಯೋವಾಗ ಇವರು ಪೇಪರ್ ಓದುತ್ತಾ ಕೂತಿರುತ್ತಿದ್ದರಲ್ಲ, ಅದನ್ನ ಮರೆಯೋಕ್ಕಾಗಲ್ಲ."

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನಲ್ಲೂ ಕಾರಣವಿರುತ್ತದೆ ಎಂದು ವೈದ್ಯರು ಹೇಳುತ್ತಾರೆ. ವೀರ್ಯ ಪರೀಕ್ಷೆಗೆ ನೋವಿಲ್ಲ, ಕೊಯ್ಯುವುದಿಲ್ಲ, ಹೆಂಗಸಿನ ಪರೀಕ್ಷೆಗಳ ಮುಂದೆ ಖರ್ಚೂ ಏನೇನೂ ಅಲ್ಲ. ಹುಡುಗರೇ, ಇದನ್ನು ಓದುತ್ತಿರುವ ನೀವು ಮುಂದೆ ಅಂಥ ಸಂದರ್ಭ ಬಂದರೆ ಮೊದಲು ಹೋಗಿ ಆ ಪರೀಕ್ಷೆ ಮಾಡಿಸಿಕೊಳ್ಳಿ. ರಿಪೋರ್ಟು ಏನೇ ಬರಲಿ, ಅಮ್ಮನ ಮುಂದೆ ಪೇಪರ್ ಮಡಿಸಿಟ್ಟು ನೀವೇ ಮಾತಾಡಿ.

ಬಾಡಿಗೆ ತಾಯ್ತನದ ವಿಷಯ ಕೇಳಿದ್ದಿರಲ್ಲ, ಅದಕ್ಕೆ ಬರುತ್ತೇನೆ. 2000ದ ನಂತರದ ಹತ್ತು ಹದಿನೈದು ವರ್ಷ ನಮ್ಮ ದೇಶ ಇದಕ್ಕೆ ಜಗತ್ತಿಗೇ ಹೆಸರಾಗಿತ್ತು. ಗುಜರಾತಿನ ಆಣಂದ್, ಅಮುಲ್ ಬೆಣ್ಣೆಯಿಂದ ನಮಗೆ ಗೊತ್ತಿದ್ದ ಊರು, ಬೇರೆ ಕಾರಣಕ್ಕೆ ವಿದೇಶಿ ಪತ್ರಿಕೆಗಳಲ್ಲಿ ಬರತೊಡಗಿತು. 2008ರಲ್ಲಿ ಅಲ್ಲಿ ಜಪಾನಿನ ದಂಪತಿಗಾಗಿ ಒಂದು ಹೆಣ್ಣು ಮಗು ಹುಟ್ಟಿತು. ಹುಟ್ಟುವ ಹೊತ್ತಿಗೆ ಆ ಗಂಡಹೆಂಡಿರು ಬೇರೆಯಾಗಿದ್ದರು. ಹೆಂಡತಿಗೆ ಮಗು ಬೇಡವಾಯಿತು. ಹೆತ್ತವಳಿಗೆ ಅದು ತನ್ನದಲ್ಲ. ಆ ಕೂಸು ಯಾರದು, ಯಾವ ದೇಶದ್ದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊನೆಗೆ ಜಪಾನಿನಿಂದ ಬಂದ ಅಜ್ಜಿ ಅದನ್ನು ಎತ್ತಿಕೊಂಡು ಹೋದಳು. ಇಷ್ಟಾದರೂ ಕಾನೂನು ಬರಲು ವರ್ಷಗಳೇ ಹಿಡಿದವು. 2021ರಲ್ಲಿ ಪಾಸಾದ ಕಾಯಿದೆ 2022ರ ಜನವರಿಯಿಂದ ಜಾರಿಯಲ್ಲಿದೆ. ದುಡ್ಡು ಕೊಟ್ಟು ಗರ್ಭ ಹೊರಿಸುವಂತಿಲ್ಲ. ಆಸ್ಪತ್ರೆಯ ಖರ್ಚು, ವಿಮೆ ಇಷ್ಟೇ ಕೊಡಬಹುದು. ಹೊರುವವಳು ಮದುವೆಯಾಗಿ ತನ್ನದೇ ಮಗುವಿರುವವಳಾಗಿರಬೇಕು, ವಯಸ್ಸು 25ರಿಂದ 35ರೊಳಗಿರಬೇಕು, ಜೀವಮಾನದಲ್ಲಿ ಒಂದೇ ಸಲ. ದುಡ್ಡಿಲ್ಲದೆ ಯಾರು ಮುಂದೆ ಬಂದಾರು, ಕೊನೆಗೆ ಮನೆಯೊಳಗಿನ ಬಡ ನಾದಿನಿಯನ್ನೋ ಓರಗಿತ್ತಿಯನ್ನೋ ಒತ್ತಾಯಿಸುತ್ತಾರೆ ಎನ್ನುವವರಿದ್ದಾರೆ. ನನಗೂ ಆ ಹೆದರಿಕೆಯಿದೆ. ಮನೆಯವರ ಪ್ರೀತಿಯ ಒತ್ತಾಯ ಎಂಥದ್ದೆಂದು ಪೊನ್ನಳನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಆ ಕಾಯಿದೆಯಲ್ಲಿ ಒಂದು ಸಣ್ಣ ಸಾಲು ಮಾತ್ರ ನನ್ನ ಮನಸ್ಸಿಗೆ ಹಿಡಿಸಿತು. ಗರ್ಭ ಹೊರುವವಳಿಗೆ ಆಗಬಹುದಾದ ತೊಂದರೆಗಳನ್ನೆಲ್ಲ ವಿವರಿಸಿ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯ ಒಪ್ಪಿಗೆ ಪಡೆಯಬೇಕು ಎಂದಿದೆ. ಗರ್ಭಕೋಶದಲ್ಲಿ ಭ್ರೂಣ ಇಡುವ ಮುಂಚೆ ಅವಳು ಮನಸ್ಸು ಬದಲಿಸಿದರೆ ಬಿಟ್ಟುಬಿಡಬೇಕು. ಅವಳಿಗೆ ಅರ್ಥವಾಗುವ ಭಾಷೆ! ಈ ಊರಿನಲ್ಲಿ ಹೆಜ್ಜೆಹೆಜ್ಜೆಗೂ ಮೂರು ಭಾಷೆಗಳ ನಡುವೆ ಬದುಕುವ ನಮಗೆ ಈ ಮಾತಿನ ತೂಕ ಗೊತ್ತು. ಕನ್ನಡದ ಹೆಂಗಸು ಇಂಗ್ಲಿಷ್ ಫಾರಂಗೆ ಸಹಿ ಹಾಕುವುದನ್ನು ನಾನೇ ಆಸ್ಪತ್ರೆಗಳಲ್ಲಿ ಎಷ್ಟು ಸಲ ನೋಡಿಲ್ಲ? ಕಾಳಿ, ಪೊನ್ನ ಇಬ್ಬರೂ ಆಡುತ್ತಿದ್ದದ್ದು ಒಂದೇ ತಮಿಳು, ಒಂದೇ ಹಳ್ಳಿಯ ತಮಿಳು. ಆದರೂ ಅವನು ಕೇಳಿದ್ದು ಅವಳಿಗೆ, ಅವಳು ಹೇಳಿದ್ದು ಅವನಿಗೆ ಅರ್ಥವಾಗಲಿಲ್ಲ. ಕಾನೂನಿನ ಕೈ ಅಲ್ಲಿಯವರೆಗೆ ಚಾಚುವುದಿಲ್ಲ ಬಿಡಿ.

ನಿಮ್ಮಲ್ಲಿ ಕೆಲವರ ಜಾತಕಗಳು ಈಗ ಮೈಸೂರು, ಉಡುಪಿ, ಧಾರವಾಡಗಳ ಕಡೆ ಓಡಾಡುತ್ತಿವೆ ಎಂದು ನನಗೆ ಗೊತ್ತು. ಹೆಣ್ಣು ನೋಡುವ ದಿನ ಹುಡುಗ-ಹುಡುಗಿಯನ್ನು ಹತ್ತು ನಿಮಿಷ ಬಾಲ್ಕನಿಗೆ ಕಳಿಸುತ್ತಾರೆ. ಅಲ್ಲಿ ಸಂಬಳ, ಸಿನಿಮಾ, ಅಡುಗೆ ಬರುತ್ತದಾ ಎಂಬುದೆಲ್ಲ ಮಾತಾಗುತ್ತದೆ. ಮಕ್ಕಳಾಗದಿದ್ದರೆ ಏನು ಮಾಡೋಣ, ದತ್ತು ತೆಗೆದುಕೊಳ್ಳುವುದು ನಿನಗೆ ಒಪ್ಪಿಗೆಯೇ, ನಿಮ್ಮಮ್ಮ ಕೇಳಿದರೆ ಯಾರು ಉತ್ತರ ಕೊಡಬೇಕು ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಮೊದಲ ದಿನವೇ ಕೇಳಿದರೆ ಹುಡುಗ ಓಡಿಹೋದಾನು, ನಿಜ. ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ಆರು ತಿಂಗಳು ಫೋನಿನಲ್ಲಿ ರಾತ್ರಿಯೆಲ್ಲ ಮಾತಾಡುತ್ತೀರಲ್ಲ, ಅದರಲ್ಲಿ ಒಂದು ರಾತ್ರಿ ಇದಕ್ಕೂ ಇರಲಿ.

ಕಾದಂಬರಿ ಮುಗಿದ ಮೇಲೆ ಕಾಳಿ ಏನಾದ ಎಂದು ಓದುಗರು ಕೇಳಿ ಕೇಳಿ ಸಾಕುಮಾಡಿರಬೇಕು. ಮುರುಗನ್ 2014ರಲ್ಲಿ ಒಂದಲ್ಲ, ಎರಡು ಮುಂದುವರಿಕೆಗಳನ್ನು ಬರೆದರು: 'ಆಲವಾಯನ್', 'ಅರ್ಧನಾರಿ'. ಒಂದರಲ್ಲಿ ಕಾಳಿ ಆ ಮರದಲ್ಲೇ ಪ್ರಾಣ ಬಿಡುತ್ತಾನೆ, ಇನ್ನೊಂದರಲ್ಲಿ ಬದುಕಿ ಉಳಿಯುತ್ತಾನೆ, ಆದರೆ ಪೊನ್ನಳ ಜೊತೆ ಮಾತು ಬಿಡುತ್ತಾನೆ. ಎರಡರಲ್ಲೂ ಅವಳು ಬಸುರಿ. ಯಾವುದನ್ನು ಮೊದಲು ಓದಿದರೂ ನಡೆಯುತ್ತದೆ. ನಾನು ಅವನು ಬದುಕಿರುವುದನ್ನು ಮೊದಲು ಓದಿದೆ, ಸ್ವಲ್ಪ ಸಮಾಧಾನವಾದೀತೆಂದು. ಒಂದೇ ಮನೆಯಲ್ಲಿದ್ದು ಮಾತಾಡದೆ ಇರುವ ಗಂಡನ ಪುಟಗಳು ಸಾವಿನ ಪುಟಗಳಿಗಿಂತ ಭಾರವಾಗಿದ್ದವು.

ಮೂರೂ ಪುಸ್ತಕಗಳ ಇಂಗ್ಲಿಷ್ ಅನುವಾದ ಅಂಗಡಿಗಳಲ್ಲಿ ಸಿಗುತ್ತದೆ. 'ವಂಶವೃಕ್ಷ' ನಮ್ಮ ಸಂಘದ ಲೈಬ್ರರಿಯ ಕನ್ನಡ ಬೀರುವಿನಲ್ಲಿದೆ. ರಟ್ಟು ಸ್ವಲ್ಪ ಕಿತ್ತಿದೆ, ಹುಷಾರಾಗಿ ಹಿಡಿಯಿರಿ. ಕನ್ನಡ ನಿಧಾನವಾಗಿ ಓದುವವರು ಅಮ್ಮನ ಜೊತೆ ಕುಳಿತು ಓದಬಹುದು. ಶ್ರೋತ್ರಿಗಳ ತಾಯಿಯ ಭಾಗ ಬಂದಾಗ ಅಮ್ಮ ಏನೆನ್ನುತ್ತಾಳೆ ಕೇಳಿ, ನನಗೂ ಬರೆದು ತಿಳಿಸಿ.